ಲಿನಕ್ಸ್ ಡಿಸ್ಟ್ರೊಗಳನ್ನು ಒಂದೊಂದಾಗಿ ನೋಡುವುದು ಹೇಗೆ: ಡೇಟಾ ಹೋಗದಂತೆ, ವಿಂಡೋಸ್ ಕೆಡದಂತೆ

ಲಿನಕ್ಸ್ ಹಾಕಲು ಹೋಗಿ ಫೋಟೊ ಕಳೆದುಕೊಂಡವರು, ವಿಂಡೋಸ್ ತೆರೆಯದೆ ಪೇಚಾಡಿದವರು, ವೈ-ಫೈ ಬರಲಿಲ್ಲ ಅಂತ ಅರ್ಧಕ್ಕೇ ಕೈಬಿಟ್ಟವರು ಸುಮಾರು ಜನ ಇದ್ದಾರೆ. ಕೂತು ವಿಚಾರಿಸಿದರೆ ಡಿಸ್ಟ್ರೊದ, ಅಂದರೆ ಅವರು ಆರಿಸಿದ ಲಿನಕ್ಸ್ ರೂಪದ, ತಪ್ಪು ಅಪರೂಪ. ತಪ್ಪಿರುವುದು ಕ್ರಮ. ಮೊದಲು ಇನ್‌ಸ್ಟಾಲ್ ಮಾಡುತ್ತಾರೆ, ಆಮೇಲೆ ಪರೀಕ್ಷೆ ಮಾಡುತ್ತಾರೆ, ಎಲ್ಲ ಕೆಟ್ಟ ಮೇಲೆ ಬ್ಯಾಕಪ್ ನೆನಪಾಗುತ್ತದೆ. ಈ ಕ್ರಮವನ್ನು ತಿರುಗಿಸಿ ಹಾಕಿದರೆ ಡಿಸ್ಟ್ರೊ ಬದಲಿಸುವುದು ನಿಜಕ್ಕೂ ಮಜಾ ಕೊಡುವ ಕೆಲಸ. ಕೆಟ್ಟರೆ ಕೆಡಲಿ, ಮತ್ತೆ ಹಾಕಿದರಾಯಿತು ಅನ್ನುವ ಧೈರ್ಯ ಬರುತ್ತದೆ.

ಕೆಳಗಿನ ಹಂತಗಳು ವಿಂಡೋಸ್ 10 ಅಥವಾ 11 ಇರುವ, ಯುಇಎಫ್‌ಐ ಬಯಾಸ್‌ನ (ಆನ್ ಮಾಡಿದ ಕೂಡಲೇ ವಿಂಡೋಸ್‌ಗಿಂತ ಮೊದಲು ಏಳುವ ಪ್ರೋಗ್ರಾಮ್ ಬಯಾಸ್, ಅದರ ಹೊಸ ಬಗೆ ಯುಇಎಫ್‌ಐ) ಲ್ಯಾಪ್‌ಟಾಪ್‌ಗಾಗಿ. ಸುಮಾರು 2012ರ ನಂತರ ಬಂದ ಬಹುತೇಕ ಲ್ಯಾಪ್‌ಟಾಪ್‌ಗಳು ಇದೇ ಗುಂಪಿನವು. ಹಂತ ಹಾರಿಸಬೇಡಿ. ಅದರಲ್ಲೂ ಮೊದಲನೆಯದನ್ನು.

## ಕೈಯಲ್ಲಿ ಇರಬೇಕಾದವು

16 ಅಥವಾ 32 ಜಿಬಿಯ ಒಂದು ಪೆನ್‌ಡ್ರೈವ್. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಇರುವುದನ್ನೇ ತೆಗೆದುಕೊಳ್ಳಿ. ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಮೊಬೈಲ್ ಮತ್ತು ಅದರ ಯುಎಸ್‌ಬಿ ಕೇಬಲ್. ಇದು ಚಾರ್ಜಿಂಗ್‌ಗೆ ಅಲ್ಲ, ಇಂಟರ್ನೆಟ್‌ಗೆ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಒಂದು ಪೆನ್ನು, ಒಂದು ನೋಟ್‌ಬುಕ್. ಬರೆದುಕೊಳ್ಳುವುದು ಅಂದರೆ ಕಾಗದದ ಮೇಲೆಯೇ ಬರೆದುಕೊಳ್ಳಿ. ಲ್ಯಾಪ್‌ಟಾಪ್ ಬೂಟ್ ಆಗದೆ ಕೂತಾಗ ಅದರೊಳಗಿನ ನೋಟ್ಸ್ ಉಪಯೋಗಕ್ಕೆ ಬರುವುದಿಲ್ಲ, ಅಲ್ವಾ?

## ಹಂತ 1: ಏನನ್ನೂ ಮುಟ್ಟುವ ಮೊದಲು

ಫೋಟೊ, ದಾಖಲೆ, ಆಫೀಸ್ ಫೈಲ್ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಕಾಪಿ ಆದ ಮೇಲೆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಚುಚ್ಚಿ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇನ್‌ಸ್ಟಾಲ್ ಮಾಡುವಾಗ ಈ ಡಿಸ್ಕ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿರಬಾರದು. ತಪ್ಪು ಡಿಸ್ಕ್ ಆರಿಸಿ ಬ್ಯಾಕಪ್ಪನ್ನೇ ಅಳಿಸಿದವರಿದ್ದಾರೆ.

ಎರಡನೆಯದು ಬಿಟ್‌ಲಾಕರ್, ಅಂದರೆ ಡಿಸ್ಕ್‌ನ ಡೇಟಾಗೆ ವಿಂಡೋಸ್ ಹಾಕುವ ಬೀಗ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನೀವು ಆನ್ ಮಾಡದಿದ್ದರೂ ಡಿವೈಸ್ ಎನ್‌ಕ್ರಿಪ್ಶನ್ ಆನ್ ಆಗಿರುತ್ತದೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಗುರುತಿಲ್ಲದ ಸಿಸ್ಟಮ್ ಏಳದಂತೆ ತಡೆಯುವ ಕಾವಲು) ಬದಲಿಸಿದ ತಕ್ಷಣ ವಿಂಡೋಸ್ ನೀಲಿ ಪರದೆ ತೋರಿಸಿ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಸಿಗುವುದಿಲ್ಲ, ಯಾರಿಂದಲೂ ತೆಗೆಸಲು ಆಗುವುದಿಲ್ಲ. ಸಾಮಾನ್ಯವಾಗಿ ಈ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿರುತ್ತದೆ. ಇವತ್ತೇ ಲಾಗಿನ್ ಆಗಿ, ಹುಡುಕಿ, ನೋಟ್‌ಬುಕ್‌ನಲ್ಲಿ ಬರೆದಿಡಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಹೈಬರ್ನೇಟ್ ಆಗಿರುತ್ತದೆ. ಆಗ ಲಿನಕ್ಸ್‌ನಿಂದ ವಿಂಡೋಸ್ ಇರುವ ಪಾರ್ಟಿಶನ್ (ಡಿಸ್ಕ್‌ನ ಭಾಗ) ತೆರೆದರೆ ಬರೆಯಲು ಬಿಡುವುದಿಲ್ಲ, ಓದಲು ಮಾತ್ರ ಸಿಗುತ್ತದೆ. ಬಲವಂತ ಮಾಡಿದರೆ ಫೈಲ್ ಕೆಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ಗೆ ಹೋಗಿ ಆಫ್ ಮಾಡಿ.

## ಹಂತ 2: ಮೂರೇ ಮೂರು ಆರಿಸಿ

ಜನ ಬೇಸತ್ತು ಬಿಡುವುದು ಹೆಚ್ಚಾಗಿ ಈ ಹಂತದಲ್ಲಿ. ಹತ್ತು ಐಎಸ್‌ಒ (ಡಿಸ್ಟ್ರೊ ಪೂರ್ತಿ ತುಂಬಿರುವ ಫೈಲ್) ಇಳಿಸಿಕೊಳ್ಳುತ್ತಾರೆ, ಅದರಲ್ಲಿ ಎಂಟು ಉಬುಂಟು ಅನ್ನುವ ಡಿಸ್ಟ್ರೊ ಮೇಲೆಯೇ ಕಟ್ಟಿದವು. ವಾಲ್‌ಪೇಪರ್ ಬೇರೆ, ಒಳಗೆಲ್ಲ ಒಂದೇ.

ಒಂದು ವಿಷಯ ಮೊದಲು ಬಿಡಿಸಿಕೊಳ್ಳಿ. ಕಣ್ಣಿಗೆ ಕಾಣುವುದು ಡೆಸ್ಕ್‌ಟಾಪ್: ಗ್ನೋಮ್, ಕೆಡಿಇ ಪ್ಲಾಸ್ಮಾ, ಸಿನಮನ್, ಎಕ್ಸ್‌ಎಫ್‌ಸಿಇ. ಅದರ ಕೆಳಗೆ ಇರುವುದು ಡಿಸ್ಟ್ರೊ: ಸಾಫ್ಟ್‌ವೇರ್ ಎಲ್ಲಿಂದ ಬರುತ್ತದೆ, ಎಷ್ಟು ಹೊಸದು, ಅಪ್‌ಡೇಟ್ ಹೇಗೆ, ಎಷ್ಟು ವರ್ಷ. ನಿಮಗೆ ಬೇಸರ ಬಂದಿರುವುದು ಮೆನು ನೋಡಿ ಅಂತಾದರೆ ಡಿಸ್ಟ್ರೊ ಬದಲಿಸಬೇಕಾಗಿಲ್ಲ. ಇದ್ದುದರಲ್ಲೇ ಇನ್ನೊಂದು ಡೆಸ್ಕ್‌ಟಾಪ್ ಹಾಕಿ ನೋಡಬಹುದು.

ಹಾಗಾಗಿ ಬೇರೆ ಬೇರೆ ಮನೆತನದ ಮೂರನ್ನು ಆರಿಸಿ. ಒಂದು, ಲಿನಕ್ಸ್ ಮಿಂಟ್. ಇದು ಉಬುಂಟುವಿನ ದೀರ್ಘಾವಧಿ ಆವೃತ್ತಿಯ ಮೇಲೆ ನಿಂತಿದೆ, ಮಿಂಟ್ 22 ಸರಣಿಗೆ ಉಬುಂಟು 24.04 ಬುಡ. ವಿಂಡೋಸ್‌ನಿಂದ ಬಂದವರಿಗೆ ಹತ್ತಿರ ಅನ್ನಿಸುತ್ತದೆ. 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರಕ್ಕೆ ಇದರ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಎರಡು, ಫೆಡೋರಾ ವರ್ಕ್‌ಸ್ಟೇಶನ್. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ, ಒಂದೊಂದಕ್ಕೂ ಸುಮಾರು 13 ತಿಂಗಳ ಬೆಂಬಲ, ಹೊಸ ಕರ್ನಲ್ (ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು). ಹೊಸ ಲ್ಯಾಪ್‌ಟಾಪ್ ಇದ್ದರೆ ಇದರಲ್ಲಿ ಹಾರ್ಡ್‌ವೇರ್ ಚೆನ್ನಾಗಿ ಕೂರುವ ಸಾಧ್ಯತೆ ಜಾಸ್ತಿ. ಮೂರು, ಓಪನ್‌ಸೂಸೆ ಟಂಬಲ್‌ವೀಡ್ ಅಥವಾ ಡೆಬಿಯನ್. ಒಂದು ದಿನದಿನಕ್ಕೆ ಹೊಸದಾಗುವ ರೋಲಿಂಗ್ ಜಾತಿ, ಇನ್ನೊಂದು ಹಾಕಿದ ಜಾಗದಲ್ಲೇ ಕೂತಿರುವ ಜಾತಿ. ಡೆಬಿಯನ್‌ನಲ್ಲಿ ವೈ-ಫೈ ಬರುವುದಿಲ್ಲ ಅನ್ನುವ ಮಾತು ಈಗ ಹಳೆಯದು. 2023ರಲ್ಲಿ ಬಂದ ಡೆಬಿಯನ್ 12ರಿಂದ ಬೇಕಾದ ಫರ್ಮ್‌ವೇರ್ (ಚಿಪ್‌ಗಳನ್ನು ನಡೆಸುವ ಫೈಲ್) ಅಧಿಕೃತ ಐಎಸ್‌ಒದಲ್ಲೇ ಇದೆ.

ಕಾಲಿ ಲಿನಕ್ಸ್ ಬಗ್ಗೆ ಒಂದು ಮಾತು. ಇಂಜಿನಿಯರಿಂಗ್ ಹುಡುಗರು ಮೊದಲು ಹಾಕುವುದೇ ಇದನ್ನು. ಇದು ಸೆಕ್ಯೂರಿಟಿ ಪರೀಕ್ಷೆ ಮಾಡುವವರ ಉಪಕರಣ ಪೆಟ್ಟಿಗೆ. ದಿನನಿತ್ಯದ ಡೆಸ್ಕ್‌ಟಾಪ್‌ಗೆ, ಹೊಸಬರಿಗೆ ಸೂಕ್ತವಲ್ಲ ಅಂತ ಅದನ್ನು ಮಾಡುವವರೇ ಹೇಳುತ್ತಾರೆ. ಬೇಕಿದ್ದರೆ ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಶೀನ್) ಓಡಿಸುವ ಪ್ರೋಗ್ರಾಮ್‌ನಲ್ಲಿ, ಹಾಕಿಕೊಳ್ಳಿ.

ಆರ್ಚ್ ಅನ್ನುವ ಡಿಸ್ಟ್ರೊ ಕೂಡ ಹಾಗೇ. ಕೈಯಾರೆ ಒಂದೊಂದೇ ಪಾರ್ಟಿಶನ್ ಮಾಡಿ, ಬೂಟ್‌ಲೋಡರ್ (ಸಿಸ್ಟಮ್ ಎಬ್ಬಿಸುವ ಪುಟ್ಟ ಪ್ರೋಗ್ರಾಮ್) ಹಾಕಿ, ಕೊನೆಗೆ ಲಾಗಿನ್ ಪರದೆ ಬಂದಾಗ ಸಿಗುವ ಖುಷಿಯೇ ಬೇರೆ. ಆದರೆ ಆ ಖುಷಿಯನ್ನು ಮೊದಲು ವರ್ಚುವಲ್ ಮಶೀನ್‌ನಲ್ಲಿ ಪಡೆಯಿರಿ.

## ಹಂತ 3: ಪೆನ್‌ಡ್ರೈವ್ ಸಿದ್ಧ ಮಾಡುವುದು

ಒಂದೊಂದು ಡಿಸ್ಟ್ರೊಗೂ ಪೆನ್‌ಡ್ರೈವ್ ಮತ್ತೆ ಮತ್ತೆ ಬರೆಯುವುದು ಬೇಡ. ವೆಂಟಾಯ್ ಅನ್ನುವ ಉಚಿತ ಸಾಧನವಿದೆ. ಒಮ್ಮೆ ಪೆನ್‌ಡ್ರೈವ್‌ಗೆ ವೆಂಟಾಯ್ ಹಾಕಿದರೆ ಸಾಕು, ಆಮೇಲೆ ಐಎಸ್‌ಒ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡುತ್ತ ಹೋಗುವುದು. ಬೂಟ್ ಮಾಡಿದಾಗ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಮೂರು ಡಿಸ್ಟ್ರೊ, ಒಂದೇ ಪೆನ್‌ಡ್ರೈವ್.

ವೆಂಟಾಯ್ ತೆರೆದಾಗ ಮೇಲಿರುವ ಡಿವೈಸ್ ಹೆಸರು ಮತ್ತು ಗಾತ್ರ ಎರಡು ಸಲ ನೋಡಿ. 32 ಜಿಬಿ ಪೆನ್‌ಡ್ರೈವ್ ಜಾಗದಲ್ಲಿ 931 ಜಿಬಿ ಅಂತ ಕಂಡರೆ ಅದು ನಿಮ್ಮ 1 ಟಿಬಿ ಬ್ಯಾಕಪ್ ಡಿಸ್ಕ್. ಕೈ ತೆಗೆಯಿರಿ.

ಐಎಸ್‌ಒ ಇಳಿದ ಮೇಲೆ ಚೆಕ್‌ಸಮ್ ಹೋಲಿಸುವುದನ್ನು ಬಿಡಬೇಡಿ. ಡಿಸ್ಟ್ರೊದ ಡೌನ್‌ಲೋಡ್ ಪುಟದಲ್ಲಿ ಶಾ-256 ಅಂತ 64 ಅಕ್ಷರಗಳ ಸಾಲು ಕೊಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅದೇ ಸಾಲು ತೆಗೆಯಬಹುದು. ಎರಡೂ ಒಂದೇ ಇರಬೇಕು. ನೆಟ್ ನಡುವೆ ಕಡಿದು ಮತ್ತೆ ಬಂದಾಗ ಫೈಲ್ ಅರೆಬರೆ ಇಳಿದಿರುವುದುಂಟು. ಹಾಗೆ ಕೆಟ್ಟ ಐಎಸ್‌ಒ ಕೆಲವೊಮ್ಮೆ ಬೂಟ್ ಕೂಡ ಆಗುತ್ತದೆ, ಇನ್‌ಸ್ಟಾಲ್ ಅರ್ಧ ಆದಾಗ ನಿಲ್ಲುತ್ತದೆ. ಅಲ್ಲಿಗೆ ಪಾರ್ಟಿಶನ್ ಬದಲಾಗಿಬಿಟ್ಟಿರುತ್ತದೆ.

## ಹಂತ 4: ಪೆನ್‌ಡ್ರೈವ್‌ನಿಂದ ಬೂಟ್

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಒತ್ತುತ್ತಿರಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಫ್9. ಏಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಹೌದು, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಮೊದಲು ಬಯಾಸ್ ಒಳಗೆ ಹೋಗಿ ಎಫ್12 ಬೂಟ್ ಮೆನು ಆನ್ ಮಾಡಬೇಕು.

ಸೆಕ್ಯೂರ್ ಬೂಟ್ ಆನ್ ಇದ್ದರೆ ವೆಂಟಾಯ್ ಮೊದಲ ಸಲ ಸೆಕ್ಯೂರಿಟಿ ವಯಲೇಶನ್ ಅಂತ ಹೆದರಿಸುತ್ತದೆ. ಓಕೆ ಒತ್ತಿ, ತಕ್ಷಣ ಯಾವುದಾದರೂ ಕೀ ಒತ್ತಿ. ನೀಲಿ ಪರದೆಯಲ್ಲಿ ಎನ್‌ರೋಲ್ ಕೀ ಫ್ರಮ್ ಡಿಸ್ಕ್ ಆರಿಸಿ, ವೆಂಟಾಯ್ ಪಾರ್ಟಿಶನ್ ಒಳಗೆ ಎನ್‌ರೋಲ್ ದಿಸ್ ಕೀ ಎಂದು ಶುರುವಾಗುವ ಫೈಲ್ ಆರಿಸಿ, ಕಂಟಿನ್ಯೂ, ಯೆಸ್, ರೀಬೂಟ್. ಒಂದು ಯಂತ್ರಕ್ಕೆ ಒಮ್ಮೆ ಮಾಡಿದರೆ ಸಾಕು.

ಪರದೆ ಕಪ್ಪಾಗಿ ಅಲ್ಲೇ ನಿಂತರೆ ಹೆಚ್ಚಾಗಿ ಎನ್‌ವಿಡಿಯಾ ಗ್ರಾಫಿಕ್ಸ್ ತಕರಾರು. ಬೂಟ್ ಪಟ್ಟಿಯಲ್ಲಿ ಮಿಂಟ್ ಇದ್ದರೆ ಕಂಪ್ಯಾಟಿಬಿಲಿಟಿ ಮೋಡ್, ಉಬುಂಟು ಇದ್ದರೆ ಸೇಫ್ ಗ್ರಾಫಿಕ್ಸ್ ಅನ್ನುವ ಸಾಲು ಆರಿಸಿ.

## ಹಂತ 5: ಲೈವ್‌ನಲ್ಲೇ ಎಲ್ಲ ಪರೀಕ್ಷೆ

ಈಗ ಪೆನ್‌ಡ್ರೈವ್‌ನಿಂದ ಪೂರ್ತಿ ಡೆಸ್ಕ್‌ಟಾಪ್ ಓಡುತ್ತಿದೆ, ಇದಕ್ಕೇ ಲೈವ್ ಅನ್ನುವುದು. ಹಾರ್ಡ್ ಡಿಸ್ಕ್‌ಗೆ ಏನೂ ಆಗಿಲ್ಲ. ರೀಬೂಟ್ ಮಾಡಿದರೆ ನೀವು ಮಾಡಿದ್ದೆಲ್ಲ ಮಾಯ. ಪರದೆಯ ಮೇಲೆ ಇನ್‌ಸ್ಟಾಲ್ ಐಕಾನ್ ಕಣ್ಣು ಹೊಡೆಯುತ್ತಿರುತ್ತದೆ. ಅದನ್ನು ಮುಟ್ಟದೆ ಒಂದು ಗಂಟೆ ಇಲ್ಲೇ ಕಳೆಯಿರಿ.

ಮೊದಲು ವೈ-ಫೈ. ಬರದಿದ್ದರೆ ಮೊಬೈಲನ್ನು ಕೇಬಲ್‌ನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ಡ್ರೈವರ್ ಹುಡುಕದೆಯೇ ನೆಟ್ ಬರುತ್ತದೆ. ಕೇಬಲ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಬ್ರಾಡ್‌ಕಾಮ್ ಚಿಪ್, ಕೆಲವು ರಿಯಲ್‌ಟೆಕ್ ಚಿಪ್‌ಗಳಿಗೆ ಡ್ರೈವರ್ ಆಮೇಲೆ ಹಾಕಬೇಕಾಗುತ್ತದೆ. ಅದಕ್ಕೂ ನೆಟ್ ಬೇಕು. ಈ ಬಲೆಯಲ್ಲಿ ಸಿಕ್ಕಿಕೊಂಡೇ ಬಹಳ ಜನ ವಾಪಸ್ ಹೋಗುವುದು.

ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಒಂದು ನಿಮಿಷ ಬಿಟ್ಟು ತೆರೆಯಿರಿ. ಎದ್ದಿತೇ? ವೈ-ಫೈ ಮತ್ತೆ ಬಂತೇ? ಸಸ್ಪೆಂಡ್ ಸರಿ ಇಲ್ಲದ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಬಿಸಿಯಾಗಿ ಬ್ಯಾಟರಿ ಖಾಲಿ ಮಾಡಿಕೊಂಡಿರುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಎಷ್ಟೇ ಚೆನ್ನಾಗಿ ಓಡಿದ್ದರೂ ಇದು ಗೊತ್ತಾಗುವುದಿಲ್ಲ. ವರ್ಚುವಲ್ ಮಶೀನ್ ಡಿಸ್ಟ್ರೊದ ರೂಪ ತೋರಿಸುತ್ತದೆ, ನಿಮ್ಮ ಹಾರ್ಡ್‌ವೇರ್ ಜೊತೆ ಅದು ಹೇಗೆ ಬಾಳುತ್ತದೆ ಅನ್ನುವುದನ್ನಲ್ಲ. ಸ್ಪೀಕರ್, ಮೈಕ್, ಕ್ಯಾಮೆರಾ, ಬ್ಲೂಟೂತ್, ಬ್ರೈಟ್‌ನೆಸ್ ಕೀ, ಎಚ್‌ಡಿಎಂಐ, ಮನೆಯ ಪ್ರಿಂಟರ್, ಇವನ್ನೂ ಬೇಗ ಬೇಗ ನೋಡಿ ಮುಗಿಸಿ.

ಇನ್ನು ಕನ್ನಡ. ಮೊದಲು ಓದುವುದು. ಒಂದು ಕನ್ನಡ ಸುದ್ದಿ ಪುಟ ತೆರೆದು ಒತ್ತಕ್ಷರ ನೋಡಿ. ‘ಸ್ತ್ರೀ’, ‘ರಾಷ್ಟ್ರ’, ‘ಕರ್ನಾಟಕ’ ಈ ಮೂರು ಸಾಕು. ತ-ರ ಒತ್ತುಗಳು ಕೆಳಗೆ ಕೂತು, ಅರ್ಕಾವೊತ್ತು ಬಲಕ್ಕೆ ಬಂದರೆ ಫಾಂಟ್ ಸರಿ ಇದೆ. ಚೌಕ ಡಬ್ಬಗಳು ಕಂಡರೆ ಫಾಂಟೇ ಇಲ್ಲ. ಮಿಂಟ್, ಉಬುಂಟು, ಫೆಡೋರಾಗಳಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಆರ್ಚ್‌ನಂಥವುಗಳಲ್ಲಿ ನೋಟೊ ಫಾಂಟ್ ಪ್ಯಾಕೇಜ್ ನೀವೇ ಹಾಕಬೇಕು. ಗುಬ್ಬಿ, ನವಿಲು ಅನ್ನುವ ಚೆಂದದ ಕನ್ನಡ ಫಾಂಟ್‌ಗಳು ಡೆಬಿಯನ್, ಉಬುಂಟುಗಳ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತವೆ.

ಬರೆಯುವುದಕ್ಕೆ ಐಬಸ್ (ಬೇರೆ ಭಾಷೆ ಟೈಪ್ ಮಾಡಿಸುವ ಪ್ರೋಗ್ರಾಮ್) ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ. ಅದರಲ್ಲಿ ಕನ್ನಡ ಕೆಜಿಪಿ ಅಂತ ಇದೆ. ನುಡಿ ಕೀಲಿಮಣೆ ರೂಢಿ ಇರುವವರಿಗೆ ಕೈ ತಾನೇ ಓಡುತ್ತದೆ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಇಂಡಿಯಾ ಕೆಳಗೆ ಕಗಪ ಅಂತ ಇನ್ನೊಂದು ಸಿಗುತ್ತದೆ, ಅದು ನುಡಿಯಂತೆ ಪೂರ್ತಿ ನಡೆಯುವುದಿಲ್ಲ, ಎರಡನ್ನೂ ಕಲಸಿಕೊಳ್ಳಬೇಡಿ. ಕೆಡಿಇ ಪ್ಲಾಸ್ಮಾ ವೇಲ್ಯಾಂಡ್‌ನಲ್ಲಿ (ಪರದೆ ಬಿಡಿಸುವ ಹೊಸ ವ್ಯವಸ್ಥೆ) ಐಬಸ್ ಹಾಕಿಯೂ ಕನ್ನಡ ಬರದಿದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟಕ್ಕೆ ಹೋಗಿ ಐಬಸ್ ವೇಲ್ಯಾಂಡ್ ಆರಿಸಿ. ಆ ಪುಟದ ಹೆಸರು ನೋಡಿದರೆ ಅಲ್ಲಿ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಮಾಡಿದ ಡಾಕ್ಯುಮೆಂಟ್‌ಗಳಿದ್ದರೆ ಒಂದನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆಯಿರಿ. ಯೂನಿಕೋಡ್ ಅಲ್ಲದ ಫೈಲ್ ಆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಆ ಫಾಂಟ್ ಫೈಲನ್ನೇ ಇಲ್ಲಿಗೂ ತಂದು ಹಾಕಬೇಕು. ಟ್ಯಾಲಿ ಬೇಕೇ ಬೇಕು ಅನ್ನುವವರು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ವಿಂಡೋಸ್ ಉಳಿಸಿಕೊಳ್ಳಿ. ಇದರಲ್ಲಿ ಹಟ ಬೇಡ.

ಈ ಹಂತದಲ್ಲಿ ಕೆಲಸ ಮಾಡದ್ದು ಇನ್‌ಸ್ಟಾಲ್ ಆದ ಮೇಲೆ ತಾನೇ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಎನ್‌ವಿಡಿಯಾ ಡ್ರೈವರ್ ಮತ್ತು ಕೆಲವು ವೈ-ಫೈ ಚಿಪ್ ಬಿಟ್ಟರೆ ಲೈವ್‌ನಲ್ಲಿ ಕಂಡದ್ದೇ ಆಮೇಲೂ ಕಾಣುವುದು.

## ಹಂತ 6: ಜಾಗ ಮಾಡುವುದು

ಡಿಸ್ಟ್ರೊ ಬದಲಿಸುವವರ ನೆಮ್ಮದಿ ನಿಂತಿರುವುದು ಈ ಹಂತದ ಮೇಲೆ. ಸಿಸ್ಟಮ್ ಒಂದು ಕಡೆ, ನಿಮ್ಮ ಡೇಟಾ ಇನ್ನೊಂದು ಕಡೆ. ಬಾಡಿಗೆ ಮನೆ ಪದೇ ಪದೇ ಬದಲಿಸುವವರು ಒಡವೆ ಬ್ಯಾಂಕ್ ಲಾಕರ್‌ನಲ್ಲಿ ಇಡುವ ಹಾಗೆ.

ವಿಂಡೋಸ್ ಪಾರ್ಟಿಶನ್ ಕಿರಿದು ಮಾಡುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ, ಶ್ರಿಂಕ್ ವಾಲ್ಯೂಮ್ ಅಂತ ಇರುತ್ತದೆ. 200 ಜಿಬಿ ಖಾಲಿ ಇದ್ದರೂ 20 ಜಿಬಿ ಮಾತ್ರ ಬಿಡುತ್ತೇನೆ ಅಂದರೆ ಗಾಬರಿ ಬೇಡ. ಪೇಜ್ ಫೈಲ್, ಹೈಬರ್ನೇಶನ್ ಫೈಲ್‌ನಂಥ ಅಲ್ಲಾಡದ ಫೈಲ್‌ಗಳು ನಡುವೆ ಕೂತಿರುತ್ತವೆ. ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ನೋಡಿ.

ಸಿಕ್ಕ ಖಾಲಿ ಜಾಗವನ್ನು ಹೀಗೆ ಹಂಚಿ. ಡಿಸ್ಟ್ರೊ ಹಾಕಲು 50 ಜಿಬಿಯ ಒಂದು ಪಾರ್ಟಿಶನ್. ಎರಡನ್ನು ಅಕ್ಕಪಕ್ಕ ಇಟ್ಟು ನೋಡುವ ಆಸೆ ಇದ್ದರೆ 50ರದ್ದು ಇನ್ನೊಂದು. ಉಳಿದದ್ದೆಲ್ಲ ಡೇಟಾಗೆ. ಡೇಟಾ ಪಾರ್ಟಿಶನ್ನನ್ನು ವಿಂಡೋಸ್ ಕೂಡ ಓದಬೇಕಾದರೆ ಎನ್‌ಟಿಎಫ್‌ಎಸ್, ಲಿನಕ್ಸ್‌ಗೆ ಮಾತ್ರ ಆದರೆ ಎಕ್ಸ್ಟ್4.

ಹೋಮ್ ಫೋಲ್ಡರ್‌ಗೇ ಬೇರೆ ಪಾರ್ಟಿಶನ್ ಮಾಡಿ ಎಲ್ಲ ಡಿಸ್ಟ್ರೊಗಳಿಗೂ ಅದನ್ನೇ ಕೊಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಒಂದೇ ಡಿಸ್ಟ್ರೊ ಮತ್ತೆ ಮತ್ತೆ ಹಾಕುವವರಿಗೆ ಅದು ಸರಿ. ಬೇರೆ ಬೇರೆ ನೋಡುವವರಿಗೆ ಬೇಡ. ಹೋಮ್‌ನಲ್ಲಿ ಫೋಟೊ ಮಾತ್ರ ಇರುವುದಿಲ್ಲ, ಪ್ರತಿ ಪ್ರೋಗ್ರಾಮಿನ ಸೆಟ್ಟಿಂಗ್ಸ್ ಅಡಗಿಸಿದ ಫೋಲ್ಡರ್‌ಗಳಲ್ಲಿ ಇರುತ್ತದೆ. ಫೆಡೋರಾದ ಹೊಸ ಫೈರ್‌ಫಾಕ್ಸ್ ಬಳಸಿದ ಪ್ರೊಫೈಲನ್ನು ಡೆಬಿಯನ್‌ನ ಹಳೆಯ ಫೈರ್‌ಫಾಕ್ಸ್ ತೆರೆಯುವುದೇ ಇಲ್ಲ. ನೀವು ಹಳೆಯ ಆವೃತ್ತಿ ತೆರೆದಿದ್ದೀರಿ, ಹೊಸ ಪ್ರೊಫೈಲ್ ಮಾಡಿ ಅನ್ನುತ್ತದೆ. ಡೆಸ್ಕ್‌ಟಾಪ್ ಥೀಮ್‌ಗಳೂ ಹೀಗೇ ಒಂದರ ಮೇಲೊಂದು ಬಿದ್ದು, ಹೊಸ ಡಿಸ್ಟ್ರೊ ಮೊದಲ ದಿನವೇ ವಿಕಾರವಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಡಿಸ್ಟ್ರೊಗೂ ಅದರದೇ ಹೋಮ್ ಇರಲಿ. ದಾಖಲೆ, ಫೋಟೊ, ಸಂಗೀತ ಮಾತ್ರ ಡೇಟಾ ಪಾರ್ಟಿಶನ್‌ನಲ್ಲಿ.

ಒಳಗಿನ ಡಿಸ್ಕ್ ಮುಟ್ಟುವ ಧೈರ್ಯವೇ ಇಲ್ಲದಿದ್ದರೆ ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಹಾಕಿ. ಒಳ್ಳೆಯ ದಾರಿ. ಆದರೆ ಎಚ್ಚರ: ಬೂಟ್‌ಲೋಡರ್ ಎಸ್‌ಎಸ್‌ಡಿಗೆ ಅಂತ ಆರಿಸಿದರೂ ಮಿಂಟ್‌ನ ಇನ್‌ಸ್ಟಾಲರ್ ಅದನ್ನು ಒಳಗಿನ ಡಿಸ್ಕ್‌ನ ಇಎಫ್‌ಐ ಪಾರ್ಟಿಶನ್‌ಗೇ (ಬೂಟ್ ಫೈಲ್‌ಗಳು ಇರುವ ಪುಟ್ಟ ಭಾಗ) ಬರೆಯುವುದುಂಟು. ಆಗ ಎಸ್‌ಎಸ್‌ಡಿ ಕಿತ್ತು ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಬೂಟ್ ಆಗುವುದಿಲ್ಲ.

## ಹಂತ 7: ಇನ್‌ಸ್ಟಾಲ್

ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಲ್ಲಿ ಒಂದೇ ಒಂದು ಅಪಾಯಕಾರಿ: ಎಲ್ಲಿ ಹಾಕಲಿ? ಎರೇಸ್ ಡಿಸ್ಕ್ ಅನ್ನುವುದು ಪಾರ್ಟಿಶನ್ ಅಲ್ಲ, ಇಡೀ ಡಿಸ್ಕ್ ಅಳಿಸುತ್ತದೆ, ವಿಂಡೋಸ್ ಸಮೇತ. ಮಿಂಟ್‌ನಲ್ಲಿ ಸಮ್‌ಥಿಂಗ್ ಎಲ್ಸ್, ಉಳಿದವುಗಳಲ್ಲಿ ಮ್ಯಾನುಯಲ್ ಅಥವಾ ಕಸ್ಟಮ್ ಅನ್ನುವುದನ್ನು ಆರಿಸಿ.

50 ಜಿಬಿಯ ಪಾರ್ಟಿಶನ್ನನ್ನು ರೂಟ್ (/, ಸಿಸ್ಟಮ್ ಕೂರುವ ಜಾಗ) ಆಗಿ ಕೊಡಿ, ಫಾರ್ಮ್ಯಾಟ್ ಟಿಕ್ ಮಾಡಿ. ವಿಂಡೋಸ್‌ನ ಇಎಫ್‌ಐ ಪಾರ್ಟಿಶನ್ ಹೆಚ್ಚಾಗಿ 100 ಎಂಬಿ ಇರುತ್ತದೆ. ಅದನ್ನು ಇಎಫ್‌ಐ ಆಗಿ ಬಳಸಿ, ಆದರೆ ಫಾರ್ಮ್ಯಾಟ್ ಟಿಕ್ ಬೇಡ. ಇಲ್ಲಿ ತಪ್ಪಿ ಟಿಕ್ ಹಾಕಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. ಪಾಪ್ ಓಎಸ್‌ನಂಥ ಕೆಲವು ಡಿಸ್ಟ್ರೊಗಳು ಕರ್ನಲನ್ನೂ ಇಎಫ್‌ಐ ಒಳಗೇ ಇಡುತ್ತವೆ, ಅವಕ್ಕೆ 100 ಎಂಬಿ ಸಾಲುವುದಿಲ್ಲ. ಡೇಟಾ ಪಾರ್ಟಿಶನ್ನನ್ನು ಇಲ್ಲಿ ಮುಟ್ಟಲೇಬೇಡಿ, ಆಮೇಲೆ ಜೋಡಿಸಿದರಾಯಿತು. ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಈಗಿನ ಡಿಸ್ಟ್ರೊಗಳು ಬಹುತೇಕ ತಾವೇ ನೋಡಿಕೊಳ್ಳುತ್ತವೆ.

ಡಿಸ್ಕೇ ಕಾಣುತ್ತಿಲ್ಲವೇ? ಬಯಾಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿರಬಹುದು, ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ಆದರೆ ಸೀದಾ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸನ್ನು ಮುಂದಿನ ಸಲ ಸೇಫ್ ಮೋಡ್‌ನಲ್ಲಿ ತೆರೆಯುವಂತೆ ಹೊಂದಿಸಿ, ರೀಸ್ಟಾರ್ಟ್ ಆಗುವಾಗ ಬಯಾಸ್ ಬದಲಿಸಿ, ಸೇಫ್ ಮೋಡ್‌ಗೆ ಒಮ್ಮೆ ಹೋಗಿ ಬಂದು, ಆಮೇಲೆ ಮಾಮೂಲಿಗೆ ತನ್ನಿ.

ಅಕ್ಕಪಕ್ಕ ಎರಡು ಹಾಕುವವರಿಗೆ ಒಂದು ಸೂಕ್ಷ್ಮ. ಮಿಂಟ್ ಕೂಡ ಇಎಫ್‌ಐ ಒಳಗೆ ಉಬುಂಟು ಅನ್ನುವ ಹೆಸರಿನ ಫೋಲ್ಡರನ್ನೇ ಬಳಸುತ್ತದೆ. ಮಿಂಟ್ ಮತ್ತು ಉಬುಂಟು ಎರಡನ್ನೂ ಒಂದೇ ಡಿಸ್ಕ್‌ಗೆ ಹಾಕಿದರೆ ಕೊನೆಗೆ ಹಾಕಿದ್ದು ಮೊದಲಿನದರ ಬೂಟ್ ಫೈಲ್ ಮೇಲೆ ಬರೆಯುತ್ತದೆ. ಬೇರೆ ಮನೆತನದ ಎರಡನ್ನು ಆರಿಸಿದರೆ, ಉದಾಹರಣೆಗೆ ಮಿಂಟ್ ಮತ್ತು ಫೆಡೋರಾ, ಈ ಜಗಳ ಇಲ್ಲ.

## ಹಂತ 8: ಮೊದಲ ದಿನದ ಕೆಲಸ

ಪೂರ್ತಿ ಅಪ್‌ಡೇಟ್ ಮಾಡಿ, ರೀಬೂಟ್ ಮಾಡಿ. ಥೀಮ್, ಐಕಾನ್ ಆಟ ಆಮೇಲೆ.

ಎನ್‌ವಿಡಿಯಾ ಇದ್ದರೆ ಡ್ರೈವರ್ ಹಾಕಿ. ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಶನಲ್ ಡ್ರೈವರ್ಸ್ ಅಂತ ಇದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೊಡಿ ಅನ್ನುತ್ತದೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ. ಮೊದಲ ಸಾಲು ಕಂಟಿನ್ಯೂ ಬೂಟ್, ಎರಡನೆಯದು ಎನ್‌ರೋಲ್ ಮೋಕ್. ಅಭ್ಯಾಸಬಲದಿಂದ ಎಂಟರ್ ಒತ್ತಿದಿರೋ, ಡ್ರೈವರ್ ಹಾಕಿದ್ದೂ ವ್ಯರ್ಥ. ಕೆಳಗಿಳಿದು ಎನ್‌ರೋಲ್ ಮೋಕ್ ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಈ ಪರದೆ ಕೆಲವು ಸೆಕೆಂಡ್ ಮಾತ್ರ ಕಾಯುತ್ತದೆ, ಕಾಫಿಗೆ ಎದ್ದು ಹೋಗಬೇಡಿ.

ಫೆಡೋರಾ ಹಾಕಿದವರು ವಿಡಿಯೊ ಓಡುತ್ತಿಲ್ಲ ಅಂತ ಅದನ್ನೇ ತೆಗೆದುಹಾಕುವುದುಂಟು. ಪೇಟೆಂಟ್ ಕಾರಣಕ್ಕೆ ಕೆಲವು ಕೋಡೆಕ್‌ಗಳನ್ನು (ವಿಡಿಯೊ, ಆಡಿಯೊ ಬಿಚ್ಚಿ ತೋರಿಸುವ ಸಾಫ್ಟ್‌ವೇರ್) ಫೆಡೋರಾ ತನ್ನ ಜೊತೆ ಕೊಡುವುದಿಲ್ಲ. ಆರ್‌ಪಿಎಂ ಫ್ಯೂಶನ್ ಭಂಡಾರ ಸೇರಿಸಿ ಹಾಕಿಕೊಳ್ಳಬೇಕು. ಓಪನ್‌ಸೂಸೆಗೆ ಪ್ಯಾಕ್‌ಮನ್ ಭಂಡಾರ. ಇದು ಡಿಸ್ಟ್ರೊ ಕೆಟ್ಟದ್ದು ಅನ್ನುವ ಗುರುತಲ್ಲ, ಮೊದಲ ದಿನ ಮಾಡಬೇಕಾದ ಒಂದು ಕೆಲಸ ಅಷ್ಟೇ.

ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಕಂಡರೆ ವೈರಸ್ ಅಲ್ಲ, ಬಯಾಸ್ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿಯೂ ಹೋಗಿಲ್ಲ. ಲಿನಕ್ಸ್ ಬಯಾಸ್ ಗಡಿಯಾರವನ್ನು ಗ್ರೀನಿಚ್ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಲೋಕಲ್ ಆರ್‌ಟಿಸಿ ಆನ್ ಮಾಡಿದರೆ ಎರಡೂ ಒಪ್ಪುತ್ತವೆ.

ಡಿಸ್ಕ್ಸ್ ಅನ್ನುವ ಪ್ರೋಗ್ರಾಮ್ ತೆರೆದು ಡೇಟಾ ಪಾರ್ಟಿಶನ್ ಬೂಟ್ ಆದಾಗಲೇ ತೆರೆಯುವಂತೆ ಮಾಡಿ. ಕೊನೆಗೆ ಟೈಮ್‌ಶಿಫ್ಟ್ ಹಾಕಿ ಮೊದಲ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸಿಸ್ಟಮ್‌ನ ಪ್ರತಿ) ತೆಗೆಯಿರಿ. ಇದು ಸಿಸ್ಟಮ್ ಕಾಯುತ್ತದೆ, ನಿಮ್ಮ ಫೈಲ್‌ಗಳನ್ನಲ್ಲ. ಹೋಮ್ ಫೋಲ್ಡರನ್ನು ಅದು ಮಾಮೂಲಾಗಿ ಬಿಟ್ಟುಬಿಡುತ್ತದೆ. ಟಂಬಲ್‌ವೀಡ್‌ನಲ್ಲಿ ಇದೇ ಕೆಲಸದ ಸ್ನ್ಯಾಪರ್ ಮೊದಲೇ ಇದೆ. ಅಪ್‌ಡೇಟ್ ಕೈಕೊಟ್ಟರೆ ಬೂಟ್ ಪಟ್ಟಿಯಲ್ಲೇ ಅದರ ಹಿಂದಿನ ಸ್ಥಿತಿಯನ್ನು ಆರಿಸಿ ಎದ್ದುಬರಬಹುದು. ಒಮ್ಮೆ ಬೇಕೆಂದೇ ಏನಾದರೂ ಕೆಡಿಸಿ ವಾಪಸ್ ಬಂದು ನೋಡಿ, ಬಹಳ ಖುಷಿ ಕೊಡುತ್ತದೆ.

## ಹಂತ 9: ಇನ್ನೊಂದಕ್ಕೆ ಯಾವಾಗ ಹೋಗಬೇಕು

ಒಂದು ಡಿಸ್ಟ್ರೊದಲ್ಲಿ ಕನಿಷ್ಠ ಒಂದು ವಾರ ನಿಜವಾದ ಕೆಲಸ ಮಾಡಿ. ಆಫೀಸ್ ಮೀಟಿಂಗ್, ಬ್ಯಾಂಕ್, ಪ್ರಿಂಟ್, ಕನ್ನಡದಲ್ಲಿ ಎರಡು ಪುಟ. ಕಿರಿಕಿರಿ ಆದಾಗೆಲ್ಲ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ, ಬಗೆಹರಿದರೆ ಹೊಡೆದುಹಾಕಿ. ವಾರದ ಕೊನೆಗೆ ಉಳಿದ ಸಾಲುಗಳನ್ನು ನೋಡಿ. ಕಾಣುವ ರೂಪದ ದೂರಾದರೆ ಡೆಸ್ಕ್‌ಟಾಪ್ ಬದಲಿಸಿ. ಹಾರ್ಡ್‌ವೇರ್ ದೂರಾದರೆ ಹೊಸ ಕರ್ನಲ್ ಇರುವ ಡಿಸ್ಟ್ರೊ ನೋಡಿ. ಸಾಫ್ಟ್‌ವೇರ್ ಹಳೆಯದು ಅನ್ನುವ ದೂರಿಗೆ ಮೊದಲು ಫ್ಲಾಟ್‌ಪ್ಯಾಕ್ (ಯಾವ ಡಿಸ್ಟ್ರೊದಲ್ಲೂ ಓಡುವ ಪ್ರೋಗ್ರಾಮ್ ಕಟ್ಟು) ಪ್ರಯತ್ನಿಸಿ. ಪ್ರತಿ ಅಪ್‌ಡೇಟ್‌ಗೂ ಏನಾದರೂ ಕೆಡುತ್ತಿದ್ದರೆ ರೋಲಿಂಗ್ ಬಿಟ್ಟು ಡೆಬಿಯನ್ ಕಡೆ ಹೋಗಿ. ಯಾವ ಸಾಲೂ ಉಳಿದಿಲ್ಲ, ಆದರೂ ಬದಲಿಸುವ ತುಡಿತ ಇದೆ ಅಂದರೆ ಅದು ಬರೀ ಹುಚ್ಚು. ಅದಕ್ಕೆಂದೇ ಎರಡನೇ 50 ಜಿಬಿ ಇದೆ, ಮಜಾ ಮಾಡಿ.

ಹೊರಡುವ ಮೊದಲು ನೀವು ಹಾಕಿಕೊಂಡ ಪ್ರೋಗ್ರಾಮ್‌ಗಳ ಪಟ್ಟಿ ಬರೆದುಕೊಳ್ಳಿ. ಬ್ರೌಸರ್ ಬುಕ್‌ಮಾರ್ಕ್, ಪಾಸ್‌ವರ್ಡ್ ಹೊರತೆಗೆಯಿರಿ. ಡೆಸ್ಕ್‌ಟಾಪ್ ಮೇಲೆ, ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಫೈಲ್‌ಗಳನ್ನು ಡೇಟಾ ಪಾರ್ಟಿಶನ್‌ಗೆ ಸಾಗಿಸಿ. ಹೆಚ್ಚಿನ ಸಲ ಕಳೆದುಹೋಗುವುದು ಡೌನ್‌ಲೋಡ್ಸ್ ಫೋಲ್ಡರ್. ಆಮೇಲೆ ಹಂತ 5ಕ್ಕೆ ವಾಪಸ್.

## ಹಂತ 10: ಬೂಟ್ ಆಗದಿದ್ದಾಗ, ತೆಗೆದುಹಾಕುವಾಗ

ಲಿನಕ್ಸ್ ಹಾಕಿದ ಮೇಲೆ ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಅಳಿಸಿಹೋಗಿದೆ ಅಂದುಕೊಳ್ಳಬೇಡಿ. ಗ್ರಬ್ ಅನ್ನುವುದು ಲಿನಕ್ಸ್‌ನ ಬೂಟ್‌ಲೋಡರ್. 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಮಾಮೂಲಾಗಿ ಆಫ್ ಇರುತ್ತದೆ. ಎಫ್12 (ಅಥವಾ ನಿಮ್ಮ ಲ್ಯಾಪ್‌ಟಾಪ್‌ನ ಬೂಟ್ ಮೆನು ಕೀ) ಒತ್ತಿ ಬಯಾಸ್‌ನ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ, ತೆರೆಯುತ್ತದೆ. ನಿಜ ಹೇಳಬೇಕೆಂದರೆ ಎರಡು ಮೂರು ಡಿಸ್ಟ್ರೊ ಇಟ್ಟುಕೊಂಡವರಿಗೆ ಗ್ರಬ್ ಪಟ್ಟಿಗಿಂತ ಈ ಬಯಾಸ್ ಪಟ್ಟಿಯೇ ನಂಬಿಕಸ್ಥ. ಪ್ರತಿ ಡಿಸ್ಟ್ರೊ ತನ್ನ ಕರ್ನಲ್ ಬದಲಾದಾಗ ತನ್ನ ಗ್ರಬ್ಬನ್ನು ಮಾತ್ರ ತಿದ್ದುತ್ತದೆ, ಪಕ್ಕದವನದ್ದನ್ನಲ್ಲ.

ತೆಗೆಯುವಾಗ ಜನ ಮಾಡುವುದು ಇಷ್ಟು: ವಿಂಡೋಸ್‌ಗೆ ಹೋಗಿ ಲಿನಕ್ಸ್ ಪಾರ್ಟಿಶನ್ ಡಿಲೀಟ್ ಮಾಡುತ್ತಾರೆ, ರೀಸ್ಟಾರ್ಟ್ ಮಾಡುತ್ತಾರೆ. ಕಪ್ಪು ಪರದೆಯ ಮೇಲೆ ಗ್ರಬ್ ಅಂತ ಒಂದು ಪದ, ಪಕ್ಕದಲ್ಲಿ ಮಿನುಗುವ ಕರ್ಸರ್. ಬೂಟ್‌ಲೋಡರ್ ಇಎಫ್‌ಐನಲ್ಲಿ ಉಳಿದಿದೆ, ಅದು ಹುಡುಕುತ್ತಿರುವ ಫೈಲ್ ಇಲ್ಲ. ರಿಪೇರಿ ಅಂಗಡಿಗೆ ಓಡಬೇಡಿ. ಪವರ್ ಆಫ್ ಮಾಡಿ, ಎಫ್12, ವಿಂಡೋಸ್ ಬೂಟ್ ಮ್ಯಾನೇಜರ್.

ಸರಿಯಾದ ಕ್ರಮ ಹೀಗೆ. ಮೊದಲು ಬಯಾಸ್‌ನಲ್ಲಿ ಬೂಟ್ ಆರ್ಡರ್ ಬದಲಿಸಿ, ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲೆ ತನ್ನಿ. ವಿಂಡೋಸ್ ಸೀದಾ ತೆರೆಯುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 50 ಜಿಬಿಯ ಪಾರ್ಟಿಶನ್ ಅಳಿಸಿ. ಎಕ್ಸ್ಟ್4 ಡೇಟಾ ಪಾರ್ಟಿಶನ್‌ಗೆ ವಿಂಡೋಸ್ ಹೆಸರೂ ತೋರಿಸುವುದಿಲ್ಲ, ಡ್ರೈವ್ ಅಕ್ಷರವೂ ಇರುವುದಿಲ್ಲ, ಹಾಗಾಗಿ ಗಾತ್ರ ನೋಡಿಯೇ ಅಳಿಸಬೇಕು. ನೋಟ್‌ಬುಕ್‌ನಲ್ಲಿ ಯಾವ ಪಾರ್ಟಿಶನ್ ಎಷ್ಟು ಜಿಬಿ ಅಂತ ಬರೆದಿಲ್ಲದಿದ್ದರೆ ಇವತ್ತು ಅಳಿಸಬೇಡಿ. ಪೆನ್‌ಡ್ರೈವ್‌ನಿಂದ ಲೈವ್ ಬೂಟ್ ಮಾಡಿ, ಒಳಗೇನಿದೆ ಅಂತ ತೆರೆದು ನೋಡಿ, ಆಮೇಲೆ ಅಳಿಸಿ.